ಓಬಕ್ಕನ ಬದುವಿನ ಸೊಪ್ಪು

ಹೋದ ಭಾನುವಾರ ಒಂದು ಪಾತ್ರೆ ತುಂಬ ಬೆರಕೆ ಸೊಪ್ಪಿನ ಸಾರನ್ನು ಗುಂಡಿ ತೋಡಿ ಹೂತು ಬಂದೆ. ಒಂದು ತೊಟ್ಟೂ ನಾಲಿಗೆಗೆ ಸೋಕಿಸದೆ.

ನನ್ನಿವಾಳ ಎಂಬ ಹಳ್ಳಿಯಲ್ಲಿರುವ ತಮ್ಮನ ಮನೆಗೆ ಹೋಗಿದ್ದೆ. ಅವ್ವ ತೀರಿಕೊಂಡು ಮೂರು ವರ್ಷ. ಆ ಸಾರು ಉಂಡೂ ಮೂರು ವರ್ಷ. ಚಳ್ಳಕೆರೆ ಮಾರ್ಕೆಟ್ಟಿನಲ್ಲಿ ಪಾಲಕ್ ಸಿಗುತ್ತದೆ. ಅಣ್ಣೆ, ಗೋಣಿ, ಕನ್ನೆ ಎಲ್ಲ ಕೂಡಿದ ಬೆರಕೆ ಸೊಪ್ಪು ಎಲ್ಲಿ ಸಿಗಬೇಕು? ಅದು ಶೇಂಗಾ ಹೊಲದ ಬದುವಿನಲ್ಲಿ ತಾನಾಗೇ ಹುಟ್ಟುವಂಥದ್ದು. (ಕೃಷಿ ಪುಸ್ತಕದಲ್ಲಿ ಇವಕ್ಕೆಲ್ಲ ಒಂದೇ ಹೆಸರು: ಕಳೆ.)

ನಮ್ಮ ಕಡೆ ಸೊಪ್ಪು ಕೀಳಲು ಯಾರನ್ನೂ ಕೇಳುವ ಪದ್ಧತಿಯಿಲ್ಲ. ಯಾರ ಬದುವಾದರೇನು, ಮಡಿಲು ತುಂಬಿಸಿಕೊಂಡು ಬರುವುದೇ. ನಾನೂ ಪಕ್ಕದ ಹೊಲದ ಓಬಕ್ಕನ ಬದುವಿನಲ್ಲಿ ಕಿತ್ತೆ. ಬೇಳೆ ಜೊತೆ ಬೇಯಿಸಿ, ಮಸೆದು, ಒಗ್ಗರಣೆ ಹಾಕಿದಾಗ ಮನೆಯೆಲ್ಲ ಅವ್ವ ಇದ್ದ ಕಾಲದ ಘಮ. ಕಣ್ಣು ತುಂಬಿ ಬಂತು. ಸುಳ್ಳು ಯಾಕೆ ಹೇಳಲಿ?

ಮುದ್ದೆ ಮುರಿಯುವಷ್ಟರಲ್ಲಿ ಓಬಕ್ಕ ಏದುಸಿರು ಬಿಡುತ್ತ ಬಂದಳು.

"ನಮ್ ಬದದಾಗೆ ಸೊಪ್ಪು ಕಿತ್ಯಂತೆ? ಉಣ್ಣಬ್ಯಾಡ ಕಣವ್ವ. ಮೊನ್ನೆ ಕಳೆ ಔಷಧಿ ಹೊಡೆಸೀವಿ."

"ಹಸಿರಾಗೇ ಐತಲ್ಲಕ್ಕ?"

"ಅದೇ ಮೋಸ. ಬಾಡಾಕೆ ವಾರ ಬೇಕು."

ತಮ್ಮ ಬಿಡಿಸಿ ಹೇಳಿದ. ಈ ಔಷಧಿ ಎಲೆಯಿಂದ ಒಳಗಿಳಿದು ಬೇರಿನವರೆಗೂ ಹೋಗುತ್ತದೆ. ಬೆಳೆಯಲು ಬೇಕಾದ್ದನ್ನು ಗಿಡ ತಯಾರಿಸಿಕೊಳ್ಳದಂತೆ ತಡೆಯುತ್ತದೆ. ಬಾಡುವವರೆಗೂ ಗಿಡ ಏನೂ ಆಗದಂತೆ ನಿಂತಿರುತ್ತದೆ. ತೊಳೆದು, ಕುದಿಸಿದ್ದೀನಲ್ಲ ಎಂದೆ.

"ಒಳಗೆ ಹೋಗಿರೋದನ್ನ ಹೆಂಗೆ ತೊಳೀತೀಯಕ್ಕ?"

ಹೊಡೆದವರನ್ನು ಬೈಯಲು ಮನಸ್ಸಿಲ್ಲ. ಕಳೆ ತೆಗೆಯಲು ಆಳು ಸಿಗುವುದಿಲ್ಲ, ನಿಜ. ಆದರೆ ಹೊಡೆದ ಬದುವಿಗೆ ಒಂದು ಕೆಂಪು ಬಟ್ಟೆ ಕಟ್ಟಲು ಏನು ಕಷ್ಟ? ಡಬ್ಬದ ಮೇಲಿನ ಅಳತೆ ಓದಿ, ಗ್ಲೌಸು ಮಾಸ್ಕು ಹಾಕಿಕೊಂಡು, ಗಾಳಿ ನಿಂತ ಹೊತ್ತಿನಲ್ಲಿ ಹೊಡೆಯಲು? ಗಾಳಿ ಇದ್ದರೆ ಅದು ಹೊಡೆದ ಕಡೆಯೇ ಬೀಳುತ್ತದೆಂದು ಏನು ಗ್ಯಾರಂಟಿ? (ತಮ್ಮನ ಬಚ್ಚಲಲ್ಲಿ ಔಷಧಿಯ ಖಾಲಿ ಡಬ್ಬವೊಂದು ಚೊಂಬಿನ ಕೆಲಸ ಮಾಡುತ್ತಿತ್ತು. ಮತ್ತೆ ಯಾರೂ ಬಳಸದಂತೆ ತೂತು ಹೊಡೆದೇ ಬಂದೆ.)

ಸಾರು ಹೂತಾದ ಮೇಲೆ ಓಬಕ್ಕ ಮೆಲ್ಲಗೆ ಹೇಳಿದಳು, "ಆಚೆ ಬದ ಹೊಡೆಸಿಲ್ಲ. ನಿಮ್ಮವ್ವ ಅಲ್ಲೇ ಕೀಳೋಳು. ಬಾ, ತೋರಿಸ್ತೀನಿ."

ಎರಡು ಹೆಜ್ಜೆ ಇಟ್ಟೇಬಿಟ್ಟಿದ್ದೆ. ಆಮೇಲೆ ನಿಂತು ಕೇಳಿದೆ.

"ಓಬಕ್ಕ, ಮೊನ್ನೆ ಗಾಳಿ ಯಾವ ಕಡೆಗಿತ್ತು?"