ಹೆಸರಿಡುವವಳು

ಅದು ಸಾವಿರದ ಒಂಬೈನೂರ ಅರವತ್ತೇಳನೇ ಇಸವಿ. ಪಾಂಡವಪುರದ ಹತ್ತಿರದ ಹಳ್ಳಿಗೆ ನಾನು ಹಿರಿಸೊಸೆಯಾಗಿ ಬಂದು ಆರು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಹೊಸಹೊಳಲಿನಿಂದ ಬಂದ ವಾರಗಿತ್ತಿ ಜಯಮ್ಮ ಮದುವೆಯಾದ ವರ್ಷವೇ ಬಸುರಾದಳು. ಅಷ್ಟರಲ್ಲಿ ಮನೆ ಎರಡು ಒಲೆಯಾಗಿ, ಅತ್ತೆ ಅವಳ ಕಡೆ ಹೋಗಿದ್ದರು. ಗಟ್ಟಿ ಹಾಲು ಅವಳಿಗೆ, "ಉಸಾರು ಕಣವ್ವ" ಅನ್ನುವ ಮಾತೂ ಅವಳಿಗೆ. ಗೋಡೆಯ ಈಚೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು. ಅವಳು ಬಿಟ್ಟ ರಂಗೋಲಿಗೂ, ಮಾಡಿದ ಸಾರಿಗೂ ಹೆಸರಿಡುವುದೇ ನನ್ನ ಕೆಲಸವಾಗಿತ್ತು.

ಒಂದು ದಿನ ರೇಷನ್ ಕಾರ್ಡು ಬರೆಯುವ ಗುಮಾಸ್ತರು ಬಂದರು. ನಮ್ಮದನ್ನು ನಮ್ಮ ಯಜಮಾನರು ಚಾವಡಿಯಲ್ಲೇ ಬರೆಸಿದ್ದರು. ಮೈದುನ ಕಬ್ಬಿನ ಗದ್ದೆಗೆ, ಅತ್ತೆ ಸಂತೆಗೆ ಹೋಗಿದ್ದರು.

"ಈ ಮನೆ ಯಜಮಾನರ ಹೆಸರೇನಮ್ಮ?" ಎಂದು ಗುಮಾಸ್ತರು ಜಯಮ್ಮನನ್ನು ಕೇಳಿದರು.

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಅವಳು ಸೆರಗು ಬಾಯಿಗಿಟ್ಟುಕೊಂಡು, ಪಕ್ಕದ ಜಗಲಿಯಲ್ಲಿ ಕೂತಿದ್ದ ನನ್ನ ಕಡೆ ತಿರುಗಿ, "ಅಕ್ಕ, ನೀವೇ ಯೇಳ್ಬುಡಿ" ಎಂದು ಮಜ್ಜಿಗೆ ತರಲು ಒಳಗೆ ಓಡಿದಳು.

ಎದುರಿನ ಕೊಟ್ಟಿಗೆಯಲ್ಲಿ ಎತ್ತು ಬಸವ ಮೆಲುಕು ಹಾಕುತ್ತಿತ್ತು. ಅದೇನು ಬುದ್ಧಿ ಬಂತೋ, "ಬಸವೇಗೌಡ" ಅಂದುಬಿಟ್ಟೆ. ಮೈದುನನ ಹೆಸರು ನಿಂಗೇಗೌಡ!

ಕಾರ್ಡು ಬಂದಾಗ ಊರೆಲ್ಲ ನಕ್ಕಿತು. ಹೆಸರು ತಪ್ಪಾಗಿದೆಯೆಂದು ಹಬ್ಬದ ಸಕ್ಕರೆಯನ್ನೂ ಕೊಡಲಿಲ್ಲ. ಮೈದುನ ಅಂಗಳದಲ್ಲೇ ಕೂಗಾಡಿದ: "ಗಂಡನ್ ಎಸ್ರು ಬರ್ಸೋಕೂ ಬರಕಿಲ್ವೇನಮ್ಮಿ ನಿಂಗೆ? ಎತ್ತಿನ್ ಎಸ್ರು ಬರ್ಸಿದ್ದೀಯಲ್ಲ!"

ಈಗ ಜಯಮ್ಮ ನನ್ನ ಕಡೆ ಬೆರಳು ತೋರಿಸುತ್ತಾಳೆ ಅಂತ ಕಂಬದ ಹಿಂದಕ್ಕೆ ಸರಿದೆ. ತುಂಬಿದ ಬಸುರಿ, ತಲೆ ತಗ್ಗಿಸಿ "ತಪ್ಪಾಯ್ತು" ಅಂದಳು, ಅಷ್ಟೇ. ಆವೊತ್ತು ಒಂದು ಮುದ್ದೆ ಜಾಸ್ತಿಯೇ ಉಂಡೆ. ಆ ಸಂತೋಷ ಮಾರನೇ ದಿನಕ್ಕೆ ಉಳಿಯಲಿಲ್ಲ.

ಅವಳಿಗೆ ಗಂಡು ಮಗುವಾಯಿತು. ತೊಟ್ಟಿಲ ಶಾಸ್ತ್ರದ ದಿನ ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆ ಬೇಕು. ನಮ್ಮ ಅತ್ತೆಗೆ ಹೆಣ್ಣುಮಕ್ಕಳಿಲ್ಲ. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಜಯಮ್ಮ ಮಗುವನ್ನೆತ್ತಿಕೊಂಡು ನೇರ ನನ್ನ ಹತ್ತಿರ ಬಂದಳು.

"ಮಕ್ಳಿಲ್ದೋಳ್ ಕೈಲಿ ಬ್ಯಾಡ ಕಣಮ್ಮಿ" ಎಂದು ಒಬ್ಬ ಅಜ್ಜಿ ತಡೆದರು.

"ಸುಮ್ಕಿರಜ್ಜಿ. ಎಸ್ರಿಡೋದ್ರಲ್ಲಿ ನಮ್ಮಕ್ಕನ್ ಬುಟ್ರೆ ಇಲ್ಲ" ಎಂದಳು ಜಯಮ್ಮ. ಎಲ್ಲರೂ ನಕ್ಕರು. ಮಗುವನ್ನು ನನ್ನ ಮಡಿಲಿಗೆ ಹಾಕುವಾಗ ಬಗ್ಗಿ, ನನಗೊಬ್ಬಳಿಗೇ ಕೇಳುವ ಹಾಗೆ ಅಂದಳು: "ಯಾವ್ ಎಸ್ರಾದ್ರೂ ಇಡಿ ಅಕ್ಕ. ಕೊಟ್ಗೆ ಕಡೆ ಮಾತ್ರ ನೋಡ್ಬ್ಯಾಡಿ."

ಅಯ್ಯೋ ಶಿವನೇ! ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಷ್ಟು ದಿನ ಎಲ್ಲ ಗೊತ್ತಿದ್ದೂ ಸುಮ್ಮನಿದ್ದಳು. ಬೈದಿದ್ದರೆ ನಾನೂ ನಾಲ್ಕು ಬೈದು ಹಗುರವಾಗುತ್ತಿದ್ದೆ. ನನ್ನದು ಬರೀ ಕುಚೇಷ್ಟೆ, ಸೇಡು ಅಂದರೆ ಅವಳದು. ಮಡಿಲಲ್ಲಿ ಮಗು ಬೆಚ್ಚಗಿತ್ತು. ನನ್ನ ಮಗನಿಗೆಂದು ಆರು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಹೆಸರನ್ನೇ ಮೂರು ಸಲ ಅದರ ಕಿವಿಯಲ್ಲಿ ಹೇಳಿಬಿಟ್ಟೆ.

ನನಗೆ ಮಕ್ಕಳಾಗಲೇ ಇಲ್ಲ. ಜಯಮ್ಮನೂ ನಾನೂ ಈಗ ಒಂದೇ ಜೀವದಂತಿದ್ದೇವೆ. ಆದರೂ ಸಂಜೆ ಅವಳು ಬೀದಿಯಲ್ಲಿ ನಿಂತು, ಬೆಳೆದು ದೊಡ್ಡವನಾದ ಆ ಮಗನನ್ನು "ಚಂದ್ರಾ, ಬಾರ್ಲಾ ಉಣ್ಣಕ್ಕೆ" ಎಂದು ಕೂಗಿದರೆ ನನ್ನ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತದೆ. ಹಾಗೆ ಕೂಗಬೇಕಾದವಳು ನಾನು.