ಮುಳುಗುವವರ ಮೇಲೊಂದು ಕಣ್ಣು

ಬಂದರಿನವರು ಆಕೆಗೆ ಇಟ್ಟ ಹೆಸರು ಪತ್ತೇದಾರಿ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಆದರೂ ಆಕೆಗೆ ಗೊತ್ತಿತ್ತು. ಗೊತ್ತಾಗದೆ ಹೋಗಿದ್ದರೆ ಆ ಹೆಸರಿಗೇ ಅವಮಾನ. ಹಾಲು ಕೊಳ್ಳುವಾಗ ಅಂಗಡಿಯಲ್ಲಿ ಒಮ್ಮೆ ಮೂಸುವಳು, ಮನೆಗೆ ತಂದು ಇನ್ನೊಮ್ಮೆ ಮೂಸುವಳು. ಯಾರಾದರೂ ನಕ್ಕು ಮಾತಾಡಿಸಿದರೆ, ಅವರು ಬೆನ್ನು ತಿರುಗಿಸಿದ ಕೂಡಲೇ, "ಇವನಿಗೇನು ಬೇಕಾಗಿತ್ತು?" ಎನ್ನುವಳು. ನಗದೆ ಹೋದರೆ, "ಏನೋ ಮುಚ್ಚಿಡ್ತಿದ್ದಾನೆ" ಎನ್ನುವಳು. ಗಂಡ ಅಂಗಡಿಗೆ ಹೋಗಿ ಬರುವುದು ತುಸು ತಡವಾದರೆ ಎಲ್ಲಿ, ಯಾರ ಜೊತೆ, ಯಾವ ದಾರೀಲಿ ಎಂಬ ಪ್ರಶ್ನೆಗಳು ಅವನಿಗಿಂತ ಮೊದಲೇ ಬಂದು ಹೊಸ್ತಿಲಲ್ಲಿ ಕಾದಿರುತ್ತಿದ್ದವು.

ಆಕೆಗೆ ದೋಣಿ ಅಪ್ಪನಿಂದ ಬಂದಿತ್ತು. ಅನುಮಾನ ಸೋದರಮಾವನಿಂದ ಬಂದದ್ದು. ಆ ಮಾವ ಮಹಾ ನಗೆಗಾರ. ಸತ್ತ ಮನೆಗೆ ಹೋದರೂ ನಾಲ್ಕು ಜನರನ್ನು ನಗಿಸಿ ಬರುವಂಥವನು. ಒಂದು ಬೆಳಿಗ್ಗೆ ಈಜಲು ಹೋಗುತ್ತೇನೆಂದು ಹೋದವನು ಬರಲೇ ಇಲ್ಲ. ಕಟ್ಟೆಯ ಮೇಲೆ ಅವನ ಬಟ್ಟೆ ಇತ್ತು, ಇಸ್ತ್ರಿ ಅಂಗಡಿಯಿಂದ ಬಂದ ಹಾಗೆ ಮಡಚಿದ್ದು. ಕೈಗಡಿಯಾರ ಬೂಟಿನ ಒಳಗೆ. ಹುಟ್ಟಿದಂದಿನಿಂದ ಒಂದು ಟವೆಲ್ ಮಡಚಿ ಇಟ್ಟವನಲ್ಲ. ಆಗ ಆಕೆಗೆ ಹನ್ನೊಂದೋ ಹನ್ನೆರಡೋ. ಮನೆಯವರೆಲ್ಲ "ಸೆಳವಿಗೆ ಸಿಕ್ಕಿದ, ಪಾಪ" ಎಂದರು. ಆಕೆ ಮಾತ್ರ ಆ ಬಟ್ಟೆಯನ್ನೇ ನೋಡುತ್ತ ನಿಂತಿದ್ದಳು. ನಗುವವರನ್ನು ನಂಬಬಾರದು ಎಂದು ಆಗ ನಿರ್ಧರಿಸಿದವಳು, ಆಮೇಲೆ ನಗದವರನ್ನೂ ಆ ಪಟ್ಟಿಗೆ ಸೇರಿಸಿಕೊಂಡಳು.

ಇಂಥವಳ ದೋಣಿಯನ್ನು ಬಾಡಿಗೆಗೆ ಕೇಳಲು ಫ್ರೀಡೈವಿಂಗ್‌ನವರು ಬಂದರು. ಬೆನ್ನಿಗೆ ಗಾಳಿಯ ಸಿಲಿಂಡರಿಲ್ಲ, ಬಾಯಿಗೆ ಕೊಳವೆಯಿಲ್ಲ. ಒಂದೇ ಒಂದು ಉಸಿರು ಎಳೆದುಕೊಂಡು ಹಗ್ಗದ ಗುಂಟ ತಲೆಕೆಳಗಾಗಿ ಇಳಿಯುವುದು, ಹಗ್ಗದ ತುದಿಗೆ ಕಟ್ಟಿದ ಬಿಳಿ ತಟ್ಟೆಯನ್ನು ಮುಟ್ಟುವುದು, ಅದೇ ಉಸಿರಿನಲ್ಲಿ ಮೇಲೆ ಬರುವುದು. ಮುತ್ತಿಗಲ್ಲ, ಮೀನಿಗಲ್ಲ. ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರುವುದು.

"ಏನು ತರೋಕೆ ಹೋಗ್ತೀರಿ?" ಎಂದು ಆಕೆ ಮೊದಲ ದಿನವೇ ಕೇಳಿದಳು.

"ಏನೂ ಇಲ್ಲ" ಎಂದಳು ಗುಂಪಿನ ಮುಖ್ಯಸ್ಥೆ, ಒಂದು ಶಾಲೆಯ ವ್ಯಾಯಾಮದ ಮೇಡಂ.

"ಏನೂ ಇಲ್ಲದ್ದಕ್ಕೆ ಇಷ್ಟು ಕಷ್ಟ ಪಡೋರನ್ನ ನಾನು ನೋಡೇ ಇಲ್ಲ" ಎಂದು ಆಕೆ ಎಂಜಿನ್ ಹಚ್ಚಿದಳು.

ಆದರೂ ಒಪ್ಪಿಕೊಂಡದ್ದು ಗಂಡನ ಸಲುವಾಗಿ. ಅವನು ದೋಣಿ ಕಟ್ಟುವ ಅಂಗಳದಲ್ಲಿ ಹಡಗುಗಳ ಹೊಟ್ಟೆಗೆ ಅಂಟಿದ ಚಿಪ್ಪು ಕೆರೆಯುವ ಕೆಲಸದವನು, ನೀರಿನಲ್ಲೇ ಬೆಳೆದವನು. ಮೇಡಂ ಅವನನ್ನು ಕಾವಲಿಗೆ ಕೇಳಿದ್ದಳು. ಕಾವಲೆಂದರೆ ಇಷ್ಟೇ: ಒಬ್ಬರು ಕೆಳಗಿಂದ ಬರುವಾಗ ಇವನು ಅರ್ಧ ದಾರಿಗೆ ಇಳಿದು, ಎದುರುಗೊಂಡು, ಮುಖ ನೋಡುತ್ತ ಜೊತೆಯಲ್ಲೇ ಮೇಲೆ ಬರಬೇಕು. ಉಸಿರು ಸಾಲದೆ ಪ್ರಜ್ಞೆ ತಪ್ಪುವುದು ಹೆಚ್ಚಾಗಿ ಮೇಲೆ ತಲುಪುವ ಹೊತ್ತಿಗೇ. ಆಗ ಹಿಡಿಯಲು ಒಬ್ಬರು ಇರಬೇಕು. ಗಂಡ ಕಡಿಮೆ ಮಾತಿನವನು. ಹೂಂ ಎಂದರೆ ಹೂಂ, ಊಹೂಂ ಎಂದರೆ ಊಹೂಂ. ಲೋಕದಲ್ಲಿ ಪತ್ತೇದಾರಿ ಪ್ರಶ್ನೆ ಕೇಳಿ ಉತ್ತರವನ್ನು ನಂಬುತ್ತಿದ್ದ ಒಬ್ಬನೇ ಮನುಷ್ಯ ಅವನು.

ಉಳಿದವರನ್ನು ಆಕೆ ಒಬ್ಬೊಬ್ಬರನ್ನಾಗಿ ವಿಚಾರಿಸಿಕೊಂಡಳು. ಹಲ್ಲಿನ ಡಾಕ್ಟರು ಹೇಳಿದರು, "ದಿನವಿಡೀ ಊರವರ ಬಾಯೊಳಗೆ ಇರ್ತೀನಮ್ಮ. ಕೆಳಗೆ ಯಾರೂ ಬಾಯಿ ತೆಗೆಯಲ್ಲ." ಇದರಲ್ಲಿ ಹುರುಳಿದೆ ಎನಿಸಿತು, ಆದರೆ ಅಷ್ಟು ಚೆನ್ನಾಗಿ ಹೇಳಿದ್ದರಿಂದಲೇ ಬಾಯಿಪಾಠ ಮಾಡಿದ ಉತ್ತರವಿರಬೇಕು ಎಂದೂ ಅನಿಸಿತು. ಮೇಡಂ, "ಹೋದ ಸಲಕ್ಕಿಂತ ಒಂದು ಗೇಣು ಆಳ. ಅಷ್ಟೇ ನನ್ನ ಆಸೆ" ಎಂದಳು. ಪ್ರತಿಸಲವೂ ಒಂದು ಗೇಣು ಎಂದರೆ ಇದಕ್ಕೆ ಕೊನೆ ಎಲ್ಲಿ ಎಂದು ಪತ್ತೇದಾರಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೇಡಂ ಮೇಲೆ ಬಂದಾಗ ತಟ್ಟೆ ಮುಟ್ಟಿದ್ದರೆ ಸಮುದ್ರವೇ ತನ್ನದೆಂಬ ಮುಖ. ಮುಟ್ಟದಿದ್ದರೆ ಯಾರೊಂದಿಗೂ ಮಾತಿಲ್ಲ, ರಬ್ಬರಿನ ಬಟ್ಟೆಯನ್ನು ಚರ್ಮ ಸುಲಿದ ಹಾಗೆ ಕಿತ್ತು ಎಸೆಯುವಳು.

ಆಮೇಲೆ ಗುಂಪಿಗೆ ಹೊಸಬನೊಬ್ಬ ಸೇರಿದ. ಸಣಕಲು, ನಲವತ್ತರ ಆಸುಪಾಸು, ಎಲ್ಲರಿಗೂ ನಮಸ್ಕಾರ ಹೇಳಿ ದೋಣಿಯ ಮೂಲೆ ಹಿಡಿಯುವವನು.

"ನೀವ್ಯಾಕೆ ಮುಳುಗ್ತೀರಿ?"

ಅವನು ನಿಜವಾಗಿಯೂ ಯೋಚಿಸಿದ. ಆಮೇಲೆ, "ಗೊತ್ತಿಲ್ಲ" ಎಂದ.

ಅವತ್ತಿನಿಂದ ಅವನ ಹೆಸರು ಗೊತ್ತಿಲ್ಲ ಎಂದೇ ಆಯಿತು. ಆಕೆ ಬೆಚ್ಚಿದ್ದು ಆ ಉತ್ತರಕ್ಕಲ್ಲ. ಅವನು ಅಂಗಿ ಬಿಚ್ಚಿದ, ಮಡಚಿದ, ಪ್ಯಾಂಟನ್ನು ಅದರ ಮೇಲೆ ಮಡಚಿಟ್ಟ, ಗಡಿಯಾರ ಕಳಚಿ ಬೂಟಿನೊಳಗೆ ಇಳಿಬಿಟ್ಟ.

ಆಕೆ ಮನೆಗೆ ಬಂದವಳೇ ಗಂಡನಿಗೆ ಹೇಳಿದಳು. "ಆ ಮನುಷ್ಯ ಬಂದಿರೋದು ಮುಳುಗೋಕಲ್ಲ, ಸಾಯೋಕೆ."

"ಬಟ್ಟೆ ಮಡಚಿದ್ದಕ್ಕಾ?" ಎಂದ ಗಂಡ.

"ನಿಮಗೆ ಗೊತ್ತಾಗಲ್ಲ. ಅವನ ಮೇಲೆ ಒಂದು ಕಣ್ಣಿಡಿ."

"ಹೂಂ."

ಆಕೆ ಎರಡು ಕಣ್ಣನ್ನೂ ಇಟ್ಟಳು. ಗೊತ್ತಿಲ್ಲ ಮೊದಮೊದಲು ಎಲ್ಲರಂತೆ ಇಳಿದು ಬರುತ್ತಿದ್ದ. ಬರುಬರುತ್ತ ಹೆಚ್ಚು ಹೊತ್ತು ಬೋಯಿಯನ್ನು, ಎಂದರೆ ಹಗ್ಗ ಕಟ್ಟಿದ ತೇಲುಗೋಲವನ್ನು ಹಿಡಿದುಕೊಂಡು ಮುಖ ನೀರಿಗಿಟ್ಟು ಕೆಳಗೆ ನೋಡುತ್ತಲೇ ಇರುವುದು ಶುರುವಾಯಿತು. ತನ್ನ ಸರದಿ ಬಂದರೆ ಅರ್ಧಕ್ಕೇ ತಿರುಗಿ ಬರುವನು. ತಟ್ಟೆ ಮುಟ್ಟಲಿಲ್ಲವೆಂಬ ಬೇಜಾರಿಲ್ಲ, ಮುಟ್ಟಬೇಕೆಂಬ ಆಸೆಯೂ ಇದ್ದ ಹಾಗಿಲ್ಲ. ಮತ್ತೆ ಬರುವುದು ಯಾಕೆ? ಏನು ನೋಡುತ್ತಾನೆ ಅಲ್ಲಿ? ಜಾಗ ಗೊತ್ತುಮಾಡಿಕೊಳ್ಳುತ್ತಿದ್ದಾನೆ ಎಂದು ಆಕೆ ತೀರ್ಮಾನಿಸಿದಳು.

ಒಂದು ದಿನ ಅವನು ಕನ್ನಡಕದ ಡಬ್ಬಿ ದೋಣಿಯಲ್ಲಿ ಮರೆತು ಹೋದ. ಆಕೆಗೆ ಅಷ್ಟೇ ಸಾಕಾಯಿತು. ಮೊದಲು ಅವನ ಆಫೀಸಿಗೆ ಹೋದಳು. ನಲ್ಲಿ ನೀರಿನ ದೂರು ಕೇಳುವ ಕಚೇರಿ. ಗಾಜಿನ ಗೋಡೆಯಾಚೆ ಸಾಲಾಗಿ ಕುರ್ಚಿಗಳು, ಒಂದರಲ್ಲಿ ಅವನು, ಕಿವಿಗೆ ಹೆಡ್‌ಫೋನು. ಬಾಗಿಲು ತೆರೆದಾಗಲೆಲ್ಲ ಅವನ ಸ್ವರ ಕೇಳುತ್ತಿತ್ತು: "ತಪ್ಪಾಯ್ತು ಸಾರ್... ಹೌದು ಮೇಡಂ, ತಪ್ಪಾಯ್ತು... ಕಳಿಸ್ತೀನಿ... ತಪ್ಪಾಯ್ತು." ಮುಖದಲ್ಲಿ ಒಂದು ಗೆರೆಯೂ ಅಲುಗದು. ದಿನಕ್ಕೆ ಇಷ್ಟು ಸಲ ತಾನು ಮಾಡದ ತಪ್ಪನ್ನು ಒಪ್ಪಿಕೊಳ್ಳುವವನ ಒಳಗೆ ಏನು ಉಳಿದಿರಲು ಸಾಧ್ಯ ಎಂದುಕೊಂಡು, ಡಬ್ಬಿ ಕೊಡದೆ, ವಿಳಾಸ ಕೇಳಿಕೊಂಡು ಸೀದಾ ಅವನ ಮನೆಗೆ ನಡೆದಳು.

ಬೀಗದ ಅಂಗಡಿಯೊಂದರ ಮೇಲಿನ ಮನೆ. ಬಾಗಿಲು ತೆಗೆದದ್ದು ಅವನ ಅಕ್ಕ, ಭಾರಿ ಹೆಂಗಸು, ಕೈಯಲ್ಲಿ ಅರ್ಧ ಹೆಣೆದ ಸ್ವೆಟರು. ಡಬ್ಬಿಯನ್ನು ನೋಡಿದಳು, ಇವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಅವನ ಕನ್ನಡಕ ನಿಮ್ಮ ಹತ್ರ ಹೇಗೆ ಬಂತು?"

"ದೋಣೀಲಿ ಬಿಟ್ಟಿದ್ರು."

"ಓಹೋ. ದೋಣಿಯವರು ನೀವೇನಾ? ಪ್ರತಿ ಭಾನುವಾರ ಎದ್ದು ಓಡ್ತಾನಲ್ಲ, ಅಲ್ಲಿಗೇನಾ?" ಅಕ್ಕನ ಕಣ್ಣು ಕಿರಿದಾಯಿತು. "ನಿಮಗೆ ಮದುವೆ ಆಗಿದೆಯಾ?"

"ಆಗಿ ಇಪ್ಪತ್ತು ವರ್ಷ ಆಯ್ತು!"

"ಅಯ್ಯೋ, ಹೋಗ್ಲಿ ಬಿಡಿ" ಎಂದು ಅಕ್ಕ ನಿರಾಶೆಯಿಂದ ಉಸ್ಸೆಂದು ಕುಳಿತಳು. "ಯಾರೋ ಸಿಕ್ಕಿದ್ದಾಳೆ ಅಂತ ಆಸೆ ಇಟ್ಕೊಂಡಿದ್ದೆ. ಮುಖ ಹಾಗಿರುತ್ತಲ್ಲ ಬರೋವಾಗ."

ಹಾವಿನ ಹೆಜ್ಜೆ ಹಾವೇ ಬಲ್ಲುದು. ಇಬ್ಬರು ಅನುಮಾನದ ಹೆಂಗಸರೂ ಚಹಾ ಕುಡಿಯುತ್ತ ಅವನನ್ನು ಚೆನ್ನಾಗಿ ಜಾಲಾಡಿದರು. ಮನೆಯಲ್ಲಿ ಜಗಳವಿಲ್ಲ, ಕಾಯಿಲೆಯಿಲ್ಲ, ಕುಡಿತವಿಲ್ಲ. ಮೊದಲು ನಿದ್ರೆಯಲ್ಲೂ ತಪ್ಪಾಯ್ತು, ತಪ್ಪಾಯ್ತು ಎಂದು ಕನವರಿಸುತ್ತಿದ್ದನಂತೆ. ನೀರಿಗೆ ಹೋಗತೊಡಗಿದ ಮೇಲೆ ಅದು ನಿಂತಿದೆಯಂತೆ. "ಎಲ್ಲಾನೂ ಮಡಚಿಡೋದು ನಾನು ಕಲಿಸಿದ್ದು" ಎಂದಳು ಅಕ್ಕ, "ಚಿಕ್ಕಂದಿನಲ್ಲಿ ಬೆನ್ನಿಗೆ ಎರಡು ಕೊಟ್ಟು." ಪತ್ತೇದಾರಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನಿದ್ರೆ ಬರುತ್ತಿದೆ ಎಂದರೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದಾನೆ ಎಂದಲ್ಲವೇ?

ಹೀಗೆ ಆಕೆ ಬೀಗದಂಗಡಿಯವರೆಗೂ ಅಲೆಯುತ್ತಿದ್ದಾಗ, ಮನೆಯಲ್ಲಿ ಗಂಡ ತನ್ನ ಕರವಸ್ತ್ರಗಳನ್ನು ತಾನೇ ತೊಳೆದುಕೊಳ್ಳಲು ಶುರುಮಾಡಿದ್ದ. ಬಟ್ಟೆ ಒಣಗಿಸುವ ತಂತಿಯ ಮೇಲೆ ಒಂದರಲ್ಲಿ ತಿಳಿಗೆಂಪು ಕಲೆ ಕಂಡು ಕೇಳಿದಳು. "ವಸಡಲ್ಲಿ ರಕ್ತ" ಎಂದ ಅವನು. "ನಮ್ಮ ಹಲ್ಲಿನ ಡಾಕ್ಟರಿಗೆ ತೋರಿಸಿದೀನಿ. ಬ್ರಶ್ ಬದಲಾಯಿಸು ಅಂದ್ರು." ಆಕೆ ಮೆತ್ತನೆಯ ಬ್ರಶ್ಶೊಂದನ್ನು ತಂದುಕೊಟ್ಟಳು. ಮೆಟ್ಟಿಲೇರುವಾಗ ಅವನು ನಡುವೆ ನಿಂತದ್ದನ್ನೂ ಕಂಡಳು, ವಯಸ್ಸಾಯಿತು ಎಂದುಕೊಂಡಳು. ದೀಪದ ಬುಡದಲ್ಲಿ ಕತ್ತಲೆ ಎಂಬುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಆ ಭಾನುವಾರ ಮೋಡ ಕವಿದಿತ್ತು, ನೀರು ಸೀಸದ ಬಣ್ಣಕ್ಕೆ ತಿರುಗಿತ್ತು. ಹಲ್ಲಿನ ಡಾಕ್ಟರು ಇಳಿದು ಬಂದರು. ಮೇಡಂ ಇಳಿದು, ತಟ್ಟೆ ಮುಟ್ಟಿ, ಗೆದ್ದ ಮುಖ ಹೊತ್ತು ಬಂದು ದೋಣಿಯ ಅಂಚು ಹಿಡಿದು ಸುಧಾರಿಸಿಕೊಳ್ಳುತ್ತಿದ್ದಳು. "ಹಗ್ಗ ಎಲ್ಲೋ ಸಿಕ್ಕಿಕೊಂಡ ಹಾಗಿದೆ, ನೋಡಿ ಬರ್ತೀನಿ" ಎಂದು ಗಂಡ ಉಸಿರೆಳೆದು ಕೆಳಗೆ ಹೋದ. ಪತ್ತೇದಾರಿ ಅವನು ಹೋದದ್ದನ್ನು ಸರಿಯಾಗಿ ನೋಡಲೂ ಇಲ್ಲ. ಆಕೆಯ ಕಣ್ಣು ಬೋಯಿ ಹಿಡಿದ ಗೊತ್ತಿಲ್ಲನ ಮೇಲಿತ್ತು. ಅವನು ಎಂದಿನಂತೆ ಮುಖ ನೀರಿಗಿಟ್ಟು ಕೆಳಗೆ ನೋಡುತ್ತಿದ್ದ. ನೋಡುತ್ತಿದ್ದವನು ತಲೆಯೆತ್ತಿ, ಒಂದು ದೊಡ್ಡ ಉಸಿರು ಸೆಳೆದು, ಸರದಿಯಲ್ಲದಿದ್ದರೂ, ಯಾರಿಗೂ ಹೇಳದೆ ಮುಳುಗಿದ.

"ಹೋದ! ನೋಡಿ, ಹೋದ! ನಾನು ಹೇಳ್ಲಿಲ್ವಾ?" ಎಂದು ಆಕೆ ದೋಣಿ ಅಲುಗುವಂತೆ ಕೂಗಿದಳು. "ಹಿಡೀರಿ ಅವನನ್ನ!"

ಮೇಡಂ ನೀರಿನ ಕನ್ನಡಕ ಹುಡುಕುವಷ್ಟರಲ್ಲಿ ನೀರು ಒಡೆಯಿತು. ಗೊತ್ತಿಲ್ಲ ಮೇಲೆ ಬಂದ. ಒಬ್ಬನೇ ಅಲ್ಲ. ಅವನ ತೋಳಿನಲ್ಲಿ ಮಲಗಿದಂತಿದ್ದದ್ದು ಆಕೆಯ ಗಂಡ, ತುಟಿ ನೇರಳೆ, ಕಣ್ಣು ತೆರೆದಿದ್ದರೂ ಅದರಲ್ಲಿ ಯಾರೂ ಇರಲಿಲ್ಲ. ಗೊತ್ತಿಲ್ಲ ಅವನ ಗದ್ದವನ್ನು ಮೇಲೆತ್ತಿ ಹಿಡಿದು, ಕೆನ್ನೆ ತಟ್ಟಿ, ಮುಖಕ್ಕೆ ಊದಿ, "ಉಸಿರಾಡಿ ಅಣ್ಣ. ಉಸಿರಾಡಿ" ಎಂದ. ದೂರು ಕೇಳುವಾಗಿನದೇ ಸಮಾಧಾನದ ಸ್ವರ. ಪತ್ತೇದಾರಿ ದೋಣಿಯ ಅಂಚಿಗೆ ಬಗ್ಗಿದಳು. "ರೀ! ಎಲ್ಲಿಗೆ ಹೋಗ್ತಿದ್ದೀರಿ ರೀ!" ಎಂದು ಚೀರಿದಳು.

ಗಂಡ ಕೊಕ್ಕೆ ಹಾಕಿ ಎಳೆದಂತೆ ಒಂದು ಉಸಿರು ತೆಗೆದುಕೊಂಡ. ಆಮೇಲೆ ಕೆಮ್ಮಿದ. ಬಾಯಿಂದ ಬಂದ ನೊರೆ ಕೆಂಪಗಿತ್ತು.

ಆಸ್ಪತ್ರೆಯ ಹಜಾರದಲ್ಲಿ ವಿಷಯ ಒಂದೊಂದಾಗಿ ಹೊರಬಿತ್ತು. ಆಳದ ಒತ್ತಡಕ್ಕೆ ಶ್ವಾಸಕೋಶ ಹಿಂಡಿಹೋಗಿ ಒಳಗೆ ರಕ್ತ ಜಿನುಗುತ್ತಿದೆ, ಇದು ಇವತ್ತಿನದಲ್ಲ, ವಾಸಿಯಾಗಲು ಬಿಡದೆ ಮತ್ತೆ ಮತ್ತೆ ಮಾಡಿಕೊಂಡಿದ್ದಾರೆ ಎಂದರು ಡಾಕ್ಟರು. ಹಲ್ಲಿನ ಡಾಕ್ಟರನ್ನು ಆಕೆ ಕೇಳಿದಳು, "ವಸಡು ನೋಡಿ ನೀವೇನು ಹೇಳಿದ್ರಿ?" ಅವರು ಕಣ್ಣು ಕಣ್ಣು ಬಿಟ್ಟರು. "ಅವರು ನನ್ನ ಹತ್ರ ಒಂದು ದಿನಾನೂ ಬಾಯಿ ತೆಗೆದಿಲ್ಲಮ್ಮ."

ಗೊತ್ತಿಲ್ಲ ಒದ್ದೆ ಬಟ್ಟೆಯಲ್ಲೇ ಬೆಂಚಿನ ತುದಿಯಲ್ಲಿ ಕುಳಿತಿದ್ದ. ಆಕೆ ಅವನೆದುರು ಹೋಗಿ ನಿಂತಳು.

"ನಿಮಗೆ ಗೊತ್ತಿತ್ತು."

ಅವನು ಹೌದೆಂದು ತಲೆಯಾಡಿಸಿದ. ತಿಂಗಳುಗಳ ಹಿಂದೆ ಒಮ್ಮೆ ಆಕೆಯ ಗಂಡ ಬೋಯಿ ಪಕ್ಕ ಕೆಂಪಗೆ ಉಗುಳಿದ್ದನ್ನು ನೋಡಿದ್ದ. ಕೇಳಿದ್ದಕ್ಕೆ, ಮನೆಯಲ್ಲಿ ಹೇಳಬೇಡ, ಅವಳು ಪ್ರಾಣ ತಿನ್ನುತ್ತಾಳೆ ಎಂದು ಕೈ ಹಿಡಿದು ಬೇಡಿಕೊಂಡನಂತೆ. ಆಮೇಲಿನ ಭಾನುವಾರಗಳಲ್ಲಿ ಗೊತ್ತಿಲ್ಲ ಮುಳುಗಲು ಬರುತ್ತಿರಲಿಲ್ಲ. ಬೋಯಿ ಹಿಡಿದು ಕಾವಲಿನವನನ್ನು ಕಾಯುತ್ತಿದ್ದ.

"ಹೇಳ್ಬೇಕಾಗಿತ್ತು" ಎಂದ ಅವನು. "ತಪ್ಪಾಯ್ತು."

ಇದು ಫೋನಿನಲ್ಲಿ ಹೇಳುವ ತಪ್ಪಾಯ್ತೋ, ನಿಜವಾದದ್ದೋ ಎಂದು ಆಕೆ ಅವನ ಮುಖವನ್ನು ಹುಡುಕಿದಳು. ಗಲ್ಲ ಅದುರುತ್ತಿತ್ತು. ಆಕೆ ತನ್ನ ಶಾಲು ತೆಗೆದು ಅವನ ಹೆಗಲಿಗೆ ಹಾಕಿದಳು. ಬೈಯುವುದನ್ನು ಮಾತ್ರ ಬಿಡಲಿಲ್ಲ.

ಗಂಡನಿಗೆ ಮಾತು ಬಂದದ್ದು ಎರಡು ದಿನ ಕಳೆದ ಮೇಲೆ. ಆಕೆ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು, ಊರವರಿಗೆಲ್ಲ ಕೇಳಿದ್ದ ಪ್ರಶ್ನೆಯನ್ನು ಅವನಿಗೆ ಮೊದಲ ಸಲ ಕೇಳಿದಳು. "ನೀವ್ಯಾಕೆ ಮುಳುಗ್ತಿದ್ರಿ?"

ಅವನು ಚಾವಣಿ ನೋಡುತ್ತ ಹೇಳಿದ. "ಕಾವಲಿನವನು ಯಾವಾಗ್ಲೂ ಅರ್ಧಕ್ಕೇ ನಿಲ್ಬೇಕು. ತಟ್ಟೆ ಹೇಗಿದೆ ಅಂತ ಒಂದ್ಸಲ ನೋಡೋಣ ಅನ್ನಿಸ್ತು. ನೋಡಿದೆ. ಒಂದ್ಹಂತ ದಾಟಿದ ಮೇಲೆ ಕಾಲೇ ಆಡಿಸ್ಬೇಕಾಗಿಲ್ಲ ಕಣೇ, ನೀರೇ ಕೆಳಗೆ ಕರ್ಕೊಂಡು ಹೋಗುತ್ತೆ. ಅಷ್ಟು ಹಗುರ ಎಲ್ಲೂ ಆಗಿಲ್ಲ ನನಗೆ. ಆಮೇಲೆ ಹಗ್ಗ ನೋಡೋ ನೆಪ ಹೇಳಿ ಹೋಗ್ತಾನೇ ಇದ್ದೆ." ಆಕೆಯ ಕಡೆ ತಿರುಗದೆ ಮುಂದುವರಿಸಿದ: "ಅಲ್ಲಿ ಎಲ್ಲಿಗೆ ಹೋಗಿದ್ದೆ, ಯಾಕೆ ತಡ ಅಂತ ಯಾರೂ ಕೇಳಲ್ಲ."

ಆಕೆ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು, ಮತ್ತೆ ಬಂದು ಕುಳಿತಳು. ಹೊದಿಕೆಯ ಅಂಚನ್ನು ಸುಮ್ಮನೆ ಸರಿಪಡಿಸಿದಳು. ಅವನು ಕೈ ಚಾಚಿದ. ಹಿಡಿದುಕೊಂಡಳು, ಸ್ವಲ್ಪ ಕೋಪದಿಂದಲೇ.

ಅವನು ಮತ್ತೆ ನೀರಿಗೆ ಇಳಿಯಬಾರದೆಂದು ಡಾಕ್ಟರು ಹೇಳಿದ್ದಾರೆ. ಅಂಗಳದಲ್ಲಿ ಈಗ ಹಲಗೆಗೆ ಬಣ್ಣ ಬಳಿಯುವ ಕೆಲಸ. ಕಾವಲಿಗೆ ಮೇಡಂ ಇಬ್ಬರನ್ನು ನೇಮಿಸಿದ್ದಾಳೆ, ಒಬ್ಬ ಗೊತ್ತಿಲ್ಲನೇ. ತಟ್ಟೆಯನ್ನು ಅವಳು ಒಂದು ಮಾರು ಮೇಲೆ ಕಟ್ಟಿಸಿದ್ದಾಳೆ, ಮುಖ ಸಪ್ಪೆ ಮಾಡಿಕೊಂಡಾದರೂ. ಪತ್ತೇದಾರಿಯ ದೋಣಿಯಲ್ಲಿ ಹೊಸ ನಿಯಮವೊಂದಿದೆ: ಮೇಲೆ ಬಂದವರೆಲ್ಲ ಬಿಳಿ ಬಟ್ಟೆಯೊಂದರಲ್ಲಿ ಉಗುಳಿ ತೋರಿಸಬೇಕು. ಹಲ್ಲಿನ ಡಾಕ್ಟರು ನಗುತ್ತಾರೆ, ಆದರೆ ಉಗುಳುತ್ತಾರೆ.

ಗಂಡ ಹೊರಗೆ ಹೋದರೆ ಆಕೆ ಈಗ ಎಲ್ಲಿ ಎಂದು ಕೇಳುವುದಿಲ್ಲ. ಕೇಳದೆ ಇರಲು ಅಡಿಗೆಮನೆಗೆ ಹೋಗಿ ಪಾತ್ರೆಗಳನ್ನು ಜೋರಾಗಿ ಜೋಡಿಸುತ್ತಾಳೆ. ಅವನಿಗೆ ಅರ್ಥವಾಗಿ, ಕೆಲವೊಮ್ಮೆ ತಾನಾಗಿಯೇ ಹೇಳುತ್ತಾನೆ, ಕೆಲವೊಮ್ಮೆ ಹೇಳುವುದಿಲ್ಲ. ಆ ನೀರಿನ ಆಸೆ ನನಗೆ ಹೋಯಿತು ಎನ್ನುತ್ತಾನೆ. ಆಕೆ ಹೂಂ ಎನ್ನುತ್ತಾಳೆ, ನಂಬಿಲ್ಲ. ಬಚ್ಚಲಿನಲ್ಲಿ ಅವನು ತಡ ಮಾಡಿ, ನೀರಿನ ಸದ್ದು ನಿಂತುಹೋದರೆ, ಹೋಗಿ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತಾಳೆ. ಎಷ್ಟು ಮೆಲ್ಲಗೆ ನಡೆದರೂ ಅವನಿಗೆ ತಿಳಿದುಬಿಡುತ್ತದೆ.

"ಇದ್ದೀನಿ ಕಣೇ" ಎನ್ನುತ್ತಾನೆ ಒಳಗಿನಿಂದ. "ಸೋಪು ಹಚ್ಕೊಳ್ತಿದೀನಿ."