ಶಾಂತಕ್ಕನ ಕಂಡಿಕೆ ಲೆಕ್ಕದಲ್ಲಿ ಲಿನಕ್ಸ್

ಗೆಳೆಯರೇ, ರಬಕವಿಯಲ್ಲಿ ಸೀರೆ ನೇಯುವ ಶಾಂತಕ್ಕನ ಹಳೆಯ ಕಂಪ್ಯೂಟರ್ ಇವತ್ತು ಗುಜರಿಗೆ ಹೋಗುವುದರಲ್ಲಿತ್ತು. ಸೀರೆಯಂಚಿನ ವಿನ್ಯಾಸ ಬಿಡಿಸಲು ಅವರಿಗಿರುವುದು ಅದೊಂದೇ. ಹಳೆಯ ಯಂತ್ರದಲ್ಲೂ ಓಡುವ ಉಚಿತ ಕಾರ್ಯವ್ಯವಸ್ಥೆ ಲಿನಕ್ಸ್ ಹಾಕಿ ಉಳಿಸೋಣವೆಂದು ಗೆಳೆಯ ಬಸೂನ ಜೊತೆ ಹೋದೆ. ಲಿನಕ್ಸ್‌ನ ಹಲವು ಬಗೆಗಳಲ್ಲಿ ನಾನು ಮಿಂಟ್ ಅಂದೆ, ಅವನು ಲುಬುಂಟು ಅಂದ. ಜಗಳ ಹತ್ತಿತು.

ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದ ಶಾಂತಕ್ಕ, “ಎರಡೂ ಹಚ್ಚಿ ತೋರಸ್ರಿ, ನಾ ನೋಡ್ತೇನಿ” ಎಂದರು.

ಪೆನ್‌ಡ್ರೈವ್‌ನಿಂದ ಒಂದಾದ ಮೇಲೊಂದು ಹಚ್ಚಿದೆವು.

“ನಿನ್ನ ಮಿಂಟ್ ತೆರೆಯೂದ್ರಾಗ ನಾಕ ಕಂಡಿಕಿ ಸುತ್ತೇನಿ. ಬಸೂಂದು ಎರಡರಾಗ ಬಂತು. ಅದನ್ನ ಹಾಕ್ರಿ.”

ಹಾಕಿದೆವು. ಸಂಜೆಯೊಳಗೆ ಹೊಸದೊಂದು ಅಂಚು ಪರದೆಯ ಮೇಲಿತ್ತು. ಬಸು ಬೀಗುತ್ತಿದ್ದ. ಶಾಂತಕ್ಕ ಕಂಡಿಕೆ ತುಂಬಿದ ಬುಟ್ಟಿಯನ್ನು ನಮ್ಮಿಬ್ಬರ ಮುಂದಿಟ್ಟರು.

“ನಿಮ್ಮ ಜಗಳ ಮುಗಿಯೂದ್ರಾಗ ಇಪ್ಪತ್ತ ಆಗಿದ್ವು.”